ಹದಿನೇಳನೆಯ ಟೇಪು

ನಲವತ್ತನೆಯ ಉತ್ತರಪತ್ರಿಕೆಯವರೆಗೆ ಡಾಕ್ಟರ್ ನಾಗಶ್ರೀಯ ಬುಧವಾರ ಎಲ್ಲ ಬುಧವಾರಗಳಂತೆಯೇ ಸಾಗಿತ್ತು. ನಲವತ್ತೊಂದನೆಯದು ಪರದೆಯ ಮೇಲೆ ತೆರೆದುಕೊಂಡಾಗ, ತುಟಿಯವರೆಗೆ ಬಂದಿದ್ದ ಕಾಫಿ ಲೋಟ ಅಲ್ಲಿಯೇ ನಿಂತಿತು.

‘ಹದಿನೇಳನೆಯ ಟೇಪಿನಲ್ಲಿ ಮಾತನಾಡುತ್ತಿರುವ ತಂಗಮ್ಮ ನನ್ನ ಅಜ್ಜಿ. ಇಪ್ಪತ್ತಾರನೆಯ ನಿಮಿಷದಲ್ಲಿ ಅಜ್ಜಿ ಹೇಳುವ ಮಾತಿಗೂ ನಮ್ಮ ಪಠ್ಯದ ಐದನೆಯ ಅಧ್ಯಾಯಕ್ಕೂ ತಾಳೆಯಾಗುವುದಿಲ್ಲ.’

ಬರೆದವಳ ಹೆಸರು ಅರ್ಚನಾ. ಮೂಡಿಗೆರೆಯ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತ, ಮೊಬೈಲಿಗೆ ಬರುವ ಪಾಠಗಳನ್ನು ಕೇಳಿ ದೂರಶಿಕ್ಷಣದಲ್ಲಿ ವೃದ್ಧಾಪ್ಯಶಾಸ್ತ್ರದ ಡಿಪ್ಲೊಮಾ ಓದುತ್ತಿದ್ದ ಇನ್ನೂರು ಜನರಲ್ಲಿ ಒಬ್ಬಳು. ನಾಗಶ್ರೀ ಅವಳ ಮುಖ ನೋಡಿರಲಿಲ್ಲ. ಚಿಕ್ಕಮಗಳೂರಿನ ಈ ಅಧ್ಯಯನ ಕೇಂದ್ರದ ಮುಖ್ಯಸ್ಥೆಯಾಗಿ ಹದಿನಾಲ್ಕು ವರ್ಷ ಕಳೆದಿದ್ದರೂ ಅವಳು ಮುಖ ನೋಡಿದ ವಿದ್ಯಾರ್ಥಿಗಳು ಕೆಲವರೇ.

ಐದನೆಯ ಅಧ್ಯಾಯವಾದರೋ ನಾಗಶ್ರೀಯ ಬದುಕಿನ ಗಳಿಕೆ. ೨೦೦೫ರಲ್ಲಿ ಅವಳು ಮೂಡಿಗೆರೆ ಸೀಮೆಯ ಬಾಳೆಹಕ್ಲು ಎಸ್ಟೇಟಿನ ನಲವತ್ತಮೂರು ವೃದ್ಧೆಯರ ನೆನಪಿನ ಶಕ್ತಿಯನ್ನು ಪರೀಕ್ಷಿಸಿ, ಅವರ ಮಾತುಗಳನ್ನು ಟೇಪು ಮಾಡಿಕೊಂಡಿದ್ದಳು. ಎಸ್ಟೇಟಿನ ಹಾಜರಿ ಪುಸ್ತಕವಾದ ಚೆಕ್‌ರೋಲಿನ ಪ್ರಕಾರ ಅವರೆಲ್ಲರಿಗೂ ಎಂಬತ್ತು ದಾಟಿತ್ತು. ನೆನಪು ಮಾತ್ರ ಎಪ್ಪತ್ತರವರದು. ಕಾಫಿ ತೋಟದ ದುಡಿಮೆ ಮನುಷ್ಯನ ಮೆದುಳಿಗೆ ಹತ್ತು ವರ್ಷಗಳನ್ನು ಉಳಿಸಿಕೊಡುತ್ತದೆ ಎಂದು ಅವಳು ಬರೆದಳು. ಅದಕ್ಕೆ ‘ತೋಟದ ದಶಕ’ ಎಂದು ಹೆಸರಿಟ್ಟಳು. ಚಿಕ್ಕಮಗಳೂರಿನ ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಗಂಗಾಧರಪ್ಪನವರ ಮಗಳನ್ನು ಆ ಎರಡು ಪದಗಳು ವಿಮಾನ ಹತ್ತಿಸಿದವು, ಪ್ರಾಧ್ಯಾಪಕಿಯನ್ನಾಗಿ ಮಾಡಿದವು, ಆರು ದೇಶಗಳ ಪಠ್ಯಗಳಲ್ಲಿ ಅವಳ ಹೆಸರನ್ನು ಅಚ್ಚು ಹಾಕಿಸಿದವು.

ಇನ್ನು ಮೂರು ದಿನಕ್ಕೆ, ಶನಿವಾರ, ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ನಡೆಸುವ ಅಂತರರಾಷ್ಟ್ರೀಯ ಕೋರ್ಸಿನ ಉದ್ಘಾಟನೆ. ಅದರ ನಿರ್ದೇಶಕಿ ನಾಗಶ್ರೀ ಎಂದು ಅಂದೇ ಘೋಷಣೆಯಾಗುವುದಿತ್ತು. ನೂರು ತುಂಬಿದ ತಂಗಮ್ಮನವರಿಗೆ ಆರು ದೇಶಗಳ ವಿದ್ಯಾರ್ಥಿಗಳ ಎದುರು ಸನ್ಮಾನವೂ ಅಂದೇ.

ನಾಗಶ್ರೀ ಉತ್ತರಪತ್ರಿಕೆಯ ಕೊನೆಗೆ ಇಳಿದಳು. ಅಲ್ಲಿ ಒಂದು ವಿನಂತಿ ಇತ್ತು.

‘ಅಜ್ಜಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ. ನೂರು ವರ್ಷದವರಿಗೆ ಶಸ್ತ್ರಚಿಕಿತ್ಸೆ ಬೇಡವೆಂದು ಉಚಿತ ಕಣ್ಣಿನ ಶಿಬಿರದ ವೈದ್ಯರು ಹೆಸರನ್ನು ಪಟ್ಟಿಯಿಂದ ಬಿಟ್ಟಿದ್ದಾರೆ. ಅಜ್ಜಿಗೆ ತೊಂಬತ್ತು ಎಂದು ನಾನು ಹೇಳಿದೆ. ಅವರು ಮುಖಪುಟದಲ್ಲಿ ಅಜ್ಜಿಯ ಚಿತ್ರವಿರುವ ನಿಮ್ಮ ಪುಸ್ತಕವನ್ನೇ ತೆಗೆದು ತೋರಿಸಿದರು. ಪಟ್ಟಿ ಶನಿವಾರ ಸಂಜೆಗೆ ಮುಗಿಯುತ್ತದೆ. ವಯಸ್ಸಿನ ಬಗ್ಗೆ ನೀವು ಒಂದು ಪತ್ರ ಕೊಟ್ಟರೆ ಒಪ್ಪುತ್ತಾರೆ.’

ಅವಳು ಲೋಟವನ್ನು ಕೆಳಗಿಟ್ಟಳು. ಕಾಫಿ ತಣ್ಣಗಾಗಿತ್ತು.

ಸಹಾಯಕ ಶಶಿಧರ್‌ನನ್ನು ಕರೆದು, ಹದಿನೇಳನೆಯ ಟೇಪು ಪೂರ್ತಿಯಾಗಿ ವಿದ್ಯಾರ್ಥಿಗಳ ಕೈಗೆ ಹೇಗೆ ಹೋಯಿತೆಂದು ಕೇಳಿದಳು. ಶಶಿಧರ್ ವಸ್ತಾರೆಯವನು, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಒಂದು ಕೈ ಮುಂದೆ ಮಾಡುವ ಸ್ವಭಾವ. ಪಾಠಕ್ಕೆಂದು ಕತ್ತರಿಸಿ ಜೋಡಿಸಿದ ಪ್ರತಿಯಲ್ಲಿ ಮಾತು ಅಲ್ಲಲ್ಲಿ ಹಾರುತ್ತಿದ್ದುದರಿಂದ, ಕಬ್ಬಿಣದ ಬೀರುವಿನ ತಳದಲ್ಲಿದ್ದ ಮೂಲ ಕ್ಯಾಸೆಟ್ಟುಗಳನ್ನೇ ಹುಡುಕಿ ಕೋರ್ಸಿನ ಜಾಲತಾಣಕ್ಕೆ ಪೂರ್ತಿ ಏರಿಸಿದ್ದೇನೆಂದು ಹೆಮ್ಮೆಯಿಂದ ವಿವರಿಸಿದ. ಅವನು ಹೊಗಳಿಕೆಗಾಗಿ ಕಾದು ನಿಂತಿದ್ದ. ಅವಳು ಬಾಗಿಲು ಹಾಕಿಕೊಂಡು ಹೋಗುವಂತೆ ಹೇಳಿದಳು.

ನಂತರ ಹೆಡ್‌ಫೋನ್ ಧರಿಸಿ ಇಪ್ಪತ್ತಾರನೆಯ ನಿಮಿಷಕ್ಕೆ ಹೋದಳು.

ಕಾಫಿ ಒಣಹಾಕುವ ಕಣದಲ್ಲಿ ಬೀಜ ಎಳೆಯುವ ಮರದ ಹಲಗೆಯ ಸದ್ದು. ಆಚೆ ಎಲ್ಲೋ ಕೋಳಿ. ಅದರ ಮಧ್ಯೆ ತಂಗಮ್ಮನ ಧ್ವನಿ.

“ವಯಸ್ಸು ಇಪ್ಪತ್ತು ಅಂತ ರೈಟ್ರು ಬರ್ಕೊಂಡ್ರು ಅಷ್ಟೇ ಅಮ್ಮ. ತುಂಬಿದ ಬುಟ್ಟಿ ನಡುವೆ ಎಲ್ಲೂ ಇಳಿಸ್ದೆ ಕಣದ ತನಕ ಹೊತ್ಕೊಂಡು ಬಂದ್ರೆ ಇಪ್ಪತ್ತು. ಇಳಿಸಿದ್ರೆ ಹನ್ನೆರಡು. ಎಲ್ಲ ಹೆಣ್ಮಕ್ಳಿಗೂ ಹಂಗೇ. ನಾನು ಎತ್ತರ ಇದ್ದೆ, ಹೊತ್ತೆ. ಅದೇ ವರ್ಷ ನಂಗೆ ದವಡೆದು ಹಾಲುಹಲ್ಲು ಬಿತ್ತು. ಸಗಣಿ ಉಂಡೇಲಿಟ್ಟು ಕೂಲಿ ಲೈನ್ ಮನೆ ಮಾಡಿನ ಮೇಲೆ ಎಸೆದೆ.”

ಒಂದು ಕ್ಷಣ ಹಲಗೆಯ ಸದ್ದು ಮಾತ್ರ. ಆಮೇಲೆ ಇನ್ನೊಂದು ಧ್ವನಿ. ಕಿರಿಯ, ಚುರುಕಾದ, ಅವಸರದ ಧ್ವನಿ.

“ಅದು ಬೇಡ ಬಿಡಿ ಅಜ್ಜಿ. ಹಾಡು ಹೇಳಿ.”

ಟಕ್. ಟೇಪು ನಿಂತು ಮತ್ತೆ ಶುರುವಾದಾಗ ತಂಗಮ್ಮ ಹಾಡುತ್ತಿದ್ದಳು.

ನಾಗಶ್ರೀ ಹೆಡ್‌ಫೋನ್ ತೆಗೆದಳು. ಕಿವಿಗಳು ಬಿಸಿಯಾಗಿದ್ದವು. ಇಪ್ಪತ್ತು ವರ್ಷದ ಹೆಂಗಸಿಗೆ ಹಾಲುಹಲ್ಲು ಬೀಳುವುದಿಲ್ಲವೆಂಬುದನ್ನು ತಿಳಿಯಲು ಡಾಕ್ಟರೇಟ್ ಬೇಕಿರಲಿಲ್ಲ. ಅವಳಿಗೆ ಆ ದಿನವೇ ತಿಳಿದಿತ್ತು. ಚೆಕ್‌ರೋಲನ್ನು ತೆರೆದಾಗಲೇ ಕಂಡಿತ್ತು: ಬೇರೆ ಬೇರೆ ವರ್ಷಗಳಲ್ಲಿ ಕೆಲಸಕ್ಕೆ ಬಂದ ನಲವತ್ತಮೂರು ಹೆಂಗಸರು, ಸೇರಿದ ದಿನದ ವಯಸ್ಸಿನ ಕಾಲಮಿನಲ್ಲಿ ಒಂದೇ ಅಂಕಿ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಆ ಕಾಲದ ಎಸ್ಟೇಟ್ ಗುಮಾಸ್ತರಾದ ರೈಟರ್ ಶಿವಯ್ಯನವರು ವಯಸ್ಸನ್ನು ಬರೆದಿರಲಿಲ್ಲ, ಬುಟ್ಟಿಯನ್ನು ಬರೆದಿದ್ದರು. ಎಪ್ಪತ್ತರ ಹೆಂಗಸರಿಗೆ ಎಪ್ಪತ್ತರ ನೆನಪಿದ್ದರೆ ಅದರಲ್ಲಿ ಸೋಜಿಗವೇನು? ಆದರೆ ಪ್ರಬಂಧದ ಸಾರಾಂಶ ಆಗಲೇ ವಿದೇಶದ ಸಮ್ಮೇಳನಕ್ಕೆ ಒಪ್ಪಿಗೆಯಾಗಿತ್ತು. ಪಾಸ್‌ಪೋರ್ಟ್ ಬಂದಿತ್ತು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದರು. ಅವಳು ಅಡಿಟಿಪ್ಪಣಿಯಲ್ಲಿ ಒಂದು ವಾಕ್ಯ ಸೇರಿಸಿದ್ದಳು: ‘ಈ ಎಸ್ಟೇಟಿನಲ್ಲಿ ಇಪ್ಪತ್ತು ತುಂಬಿದವರನ್ನು ಮಾತ್ರ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು.’ ಆ ವಾಕ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ವರ್ಷಗಳು ಕಳೆದಂತೆ ಅವಳೂ ಅದನ್ನು ನಂಬತೊಡಗಿದ್ದಳು.

ಸಂಜೆ ನಾಲ್ಕಕ್ಕೆ ಅವಳು ಶಶಿಧರ್‌ಗೆ ಸಂದೇಶ ಕಳಿಸಿದಳು: ಹದಿನೇಳನೆಯ ಟೇಪಿನ ಧ್ವನಿ ಸರಿಯಿಲ್ಲ, ತೆಗೆದುಬಿಡಿ. ಐದು ನಿಮಿಷದಲ್ಲಿ ಉತ್ತರ ಬಂತು: ‘ತೆಗೆದಾಯ್ತು ಮೇಡಂ.’ ಅಷ್ಟು ಸುಲಭವಾಗಿ ಆದ ಕೆಲಸ ಅವಳಿಗೆ ನೆಮ್ಮದಿ ಕೊಡಬೇಕಿತ್ತು. ಬದಲಿಗೆ, ಇಪ್ಪತ್ತು ವರ್ಷಗಳ ಹಿಂದಿನ ಆ ‘ಟಕ್’ ಮತ್ತೊಮ್ಮೆ ಕೇಳಿದಂತಾಯಿತು.

ಗುರುವಾರ ಬೆಳಿಗ್ಗೆ ತಂಗಮ್ಮನ ಮನೆಗೆಂದು ಕಾರು ಹತ್ತಿದಳು. ದಾರಿಯುದ್ದಕ್ಕೂ ತೋಟಗಳ ಕಣಗಳಲ್ಲಿ ರೊಬಸ್ಟಾ ಕಾಫಿ ಒಣಗುತ್ತಿತ್ತು. ಮೂಡಿಗೆರೆ ಹತ್ತಿರದ ಹ್ಯಾಂಡ್‌ಪೋಸ್ಟ್ ವೃತ್ತ ದಾಟುವಷ್ಟರಲ್ಲಿ ಅವಳು ಮಾತುಗಳನ್ನು ಸಿದ್ಧಪಡಿಸಿಕೊಂಡಿದ್ದಳು. ಅರ್ಚನಾ ಬುದ್ಧಿವಂತೆ, ಅವಳಿಗೆ ಬೇರೊಂದು ಟೇಪಿನ ಮೇಲೆ ಬರೆಯಲು ಅವಕಾಶ ಕೊಡಬಹುದು. ಒಳ್ಳೆಯ ಅಂಕ ಕೊಡಬಹುದು. ಹೊಸ ಕೋರ್ಸಿನಲ್ಲಿ ಒಂದು ಸೀಟು ಕೊಡಿಸಬಹುದು. ಪತ್ರವನ್ನು ಶನಿವಾರ ಕಳೆದ ಮೇಲೆ, ಸದ್ದಿಲ್ಲದೆ, ನೇರವಾಗಿ ವೈದ್ಯರಿಗೇ ಕೊಡಬಹುದು; ಪಟ್ಟಿ ಮುಗಿದಿದ್ದರೆ ಮುಂದಿನ ಶಿಬಿರವಿದೆ.

ಬಾಳೆಹಕ್ಲಿನ ಕೆಲಸಗಾರರ ಕಾಲೊನಿಯ ಕೊನೆಯ ಮನೆಯ ಜಗಲಿಯಲ್ಲಿ ತಂಗಮ್ಮ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಕಣ್ಣುಗಳ ಮೇಲೆ ಹಾಲಿನ ಕೆನೆಯಂತೆ ಪೊರೆ. ನಾಗಶ್ರೀ ಚಪ್ಪಲಿ ಬಿಡುತ್ತ ಚೆನ್ನಾಗಿದ್ದೀರಾ ಎಂದದ್ದೇ ತಡ, ಸುಲಿಯುತ್ತಿದ್ದ ಕೈ ನಿಂತಿತು.

“ಟೇಪಿನಮ್ಮಾರಾ? ಬನ್ನಿ, ಕೂತ್ಕೊಳ್ಳಿ. ಕೂದ್ಲು ಬೆಳ್ಳಗಾಯ್ತಾ? ನಂಗೆ ಕಾಣಲ್ಲ, ನೀವೇ ಹೇಳ್ಬೇಕು. ವಯಸ್ಸು ಮಾತ್ರ ಸರಿಯಾಗಿ ಹೇಳಿ.”

ತಮಾಷೆಗೆ ಅಂದ ಮಾತು. ನಾಗಶ್ರೀಗೆ ನಗಲಾಗಲಿಲ್ಲ.

ಅಂದು ರಜೆಯಲ್ಲಿದ್ದ ಅರ್ಚನಾ ಒಳಗಿನಿಂದ ಬಂದಳು. ಇಪ್ಪತ್ತೈದರ ಆಸುಪಾಸಿನ, ಗಟ್ಟಿ ಕೈಗಳ ಯುವತಿ. ಕುರ್ಚಿ ಹಾಕಿ, ಕಾಫಿ ತಂದುಕೊಟ್ಟು, ಗುರುಗಳು ಮನೆಗೆ ಬಂದರೆಂದು ಸಂಕೋಚಪಟ್ಟಳು. ನಾಗಶ್ರೀ ಉತ್ತರಪತ್ರಿಕೆಯನ್ನು ಹೊಗಳಿದಳು. ಬೇರೊಂದು ಟೇಪಿನ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಅರ್ಚನಾಳೇ ಬಾಯಿ ತೆರೆದಳು.

“ನಿನ್ನೆ ಸಂಜೆಯಿಂದ ಆ ಟೇಪು ಓಪನ್ ಆಗ್ತಿಲ್ಲ ಮೇಡಂ. ಪರವಾಗಿಲ್ಲ, ನಾನು ಮೊದ್ಲೇ ಮೊಬೈಲಿಗೆ ಇಳಿಸ್ಕೊಂಡಿದ್ದೆ. ಅಜ್ಜಿ ದಿನಾ ಕೇಳ್ತಾರೆ.”

ನಾಗಶ್ರೀ ತಲೆಯೆತ್ತಿ ನೋಡಿದಳು. ಹುಡುಗಿಯ ಮುಖದಲ್ಲಿ ಬೆದರಿಕೆ ಇತ್ತೇ? ಎಷ್ಟು ಹುಡುಕಿದರೂ ಕಾಣಲಿಲ್ಲ. ಅಲ್ಲಿದ್ದದ್ದು ಪತ್ರ ಸಿಗುತ್ತದೆಂಬ ನಂಬಿಕೆ ಮಾತ್ರ. ಬೆದರಿಕೆಯಾಗಿದ್ದರೆ ಎದುರಿಸಬಹುದಿತ್ತು.

ತಂಗಮ್ಮ ಕಾಳುಗಳನ್ನು ಬಟ್ಟಲಿಗೆ ಹಾಕುತ್ತ ಹಳೆಯದನ್ನು ತೆಗೆದಳು. ತಾನು ಹಲ್ಲಿನ ಕತೆ ಹೇಳಿದ ದಿನ ಟೇಪಿನಮ್ಮನ ಮುಖ ಬಾಡಿದ್ದನ್ನು ಕಂಡಿದ್ದಳಂತೆ. ಆಗ ಕಣ್ಣು ಚೆನ್ನಾಗಿತ್ತು.

“ಎಂಬತ್ತು ಅಂದ್ರೇನೇ ನಿಮ್ ಕೆಲ್ಸ ಆಗೋದು ಅಂತ ಗೊತ್ತಾಯ್ತು. ಆಮೇಲೆ ಬಂದ ಫಾರಿನ್‌ನೋರಿಗೆಲ್ಲ ಎಂಬತ್ತೈದು, ತೊಂಬತ್ತು ಅಂತಾನೇ ಹೇಳ್ದೆ. ಲೈನಿನ ಹೆಂಗಸ್ರಿಗೆಲ್ಲ ಹೇಳ್ಕೊಟ್ಟೆ. ನಮ್ಮ ಲಕ್ಕಯ್ಯನ ಹೆಂಡ್ತಿ ಪೆದ್ದಿ, ಒಂದ್ಸಲ ಬಾಯಿ ಬಿಡಕ್ಕೆ ಹೋದ್ಲು. ನಾನು ಚಿವುಟ್ದೆ.” ಅವಳು ಬೊಚ್ಚುಬಾಯಿ ಅಗಲಿಸಿ ನಕ್ಕಳು. “ಪಾಪ, ಪೇಟೆಯಿಂದ ಅಷ್ಟು ದೂರ ಬರ್ತಿದ್ರಿ. ಒಂದು ಹೆಣ್ಣು ಮುಂದೆ ಬರ್ಲಿ ಅಂತ.”

ನಾಗಶ್ರೀ ನೆಲ ನೋಡಿದಳು. ತನ್ನ ಸುಳ್ಳನ್ನು ತಾನೊಬ್ಬಳೇ ಹೊತ್ತಿದ್ದೇನೆಂದು ಇಷ್ಟು ದಿನ ಭಾವಿಸಿದ್ದಳು. ನಲವತ್ತಮೂರು ಹೆಂಗಸರು ಅದಕ್ಕೆ ಹೆಗಲು ಕೊಟ್ಟಿದ್ದರು; ಮಳೆಯಲ್ಲಿ ನೆನೆದು ಬಂದ ಯಾರಿಗೋ ತಲೆಗೆ ಹೊದೆಯಲು ಗೊರಬು ಕೊಡುವಷ್ಟು ಸಹಜವಾಗಿ.

ಆದರೂ ಅವಳ ಬಾಯಿಂದ ಹೊರಟದ್ದು ದಾರಿಯಲ್ಲಿ ಸಿದ್ಧಪಡಿಸಿಕೊಂಡ ಮಾತೇ. “ಪತ್ರ ಕೊಡ್ತೀನಿ ಅರ್ಚನಾ. ಶನಿವಾರ ಒಂದು ಕಳೀಲಿ.”

ಅರ್ಚನಾ ಅರ್ಥವಾಗದೆ ನೋಡಿದಳು. “ಶನಿವಾರ ಸಂಜೆಗೆ ಪಟ್ಟಿ ಮುಗಿಯುತ್ತಲ್ಲ ಮೇಡಂ?”

ಆಮೇಲೆ ನಿಧಾನವಾಗಿ ಅರ್ಥವಾಯಿತು. ಅದು ಅರ್ಥವಾಗುವುದನ್ನು ನಾಗಶ್ರೀ ಆ ಮುಖದ ಮೇಲೆಯೇ ಕಂಡಳು. ಹುಡುಗಿ ಖಾಲಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಮೂರಕ್ಕೆ ಅಧ್ಯಯನ ಕೇಂದ್ರದ ಸಭಾಂಗಣ ತುಂಬಿತ್ತು. ಗೋಡೆಯ ದೊಡ್ಡ ಪರದೆಯಲ್ಲಿ ಆರು ದೇಶಗಳ ಮುಖಗಳು ಚೌಕ ಚೌಕವಾಗಿ ಮೂಡಿದ್ದವು. ನಡುವಿನ ಚೌಕದಲ್ಲಿ ಸ್ಕಾಟ್ಲೆಂಡಿನ ಹಿರಿಯ ಪ್ರಾಧ್ಯಾಪಕಿ. ಶಶಿಧರ್ ವೇದಿಕೆಯ ಮೇಜಿನ ಮೇಲೆ ಕಾಫಿಬೀಜಗಳಿಂದ ನೂರು ಎಂದು ದೊಡ್ಡದಾಗಿ ಬರೆದಿದ್ದ. ಹೊಸ ಸೀರೆಯುಟ್ಟು ಬಂದ ತಂಗಮ್ಮ ಅದನ್ನು ಬೆರಳಿನಿಂದ ತಡವಿ ನೋಡಿ, ಈ ಪಾರ್ಚ್‌ಮೆಂಟ್ ಬೀಜ ಇನ್ನೂ ಸರಿಯಾಗಿ ಒಣಗಿಲ್ಲ ಮಾರಾಯ ಎಂದು ಅವನಿಗೆ ಹೇಳಿದಳು. ಅರ್ಚನಾ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಮೊಬೈಲು ಅವಳ ಮಡಿಲಲ್ಲಿತ್ತು.

ಎರಡು ದಿನ ನಾಗಶ್ರೀ ಸರಿಯಾಗಿ ಊಟ ಮಾಡಿರಲಿಲ್ಲ. ಕೊನೆಗೆ ತನಗೆ ತಾನೇ ಒಂದು ಒಪ್ಪಂದ ಮಾಡಿಕೊಂಡಿದ್ದಳು: ಅಂದು ತಡೆದ ಹಲ್ಲಿನ ಕತೆಯನ್ನು ಎಲ್ಲರೆದುರು ತಂಗಮ್ಮನನ್ನೇ ಕೇಳುವುದು. ಸತ್ಯ ತಂಗಮ್ಮನ ಬಾಯಿಂದಲೇ ಬರಲಿ. ತಾನು ಬೆರಗಾದಂತೆ ಕೇಳಿಸಿಕೊಂಡು, ಸಂಶೋಧನೆಯನ್ನು ಮರುಪರಿಶೀಲಿಸಬೇಕಾಗಿದೆ ಎಂದರಾಯಿತು. ಪತ್ರವನ್ನೂ ಕೊಡಬಹುದು, ಗೌರವವೂ ಉಳಿಯುತ್ತದೆ.

ಮಾತಿನ ಸರದಿ ಬಂದಾಗ ಅವಳು ಮೈಕನ್ನು ತಂಗಮ್ಮನ ಮುಂದೆ ಹಿಡಿದಳು.

“ಅಜ್ಜಿ, ಎಸ್ಟೇಟಿಗೆ ಬಂದ ವರ್ಷ ನಿಮಗೆ ಒಂದು ಹಲ್ಲು ಬಿತ್ತಲ್ಲ. ಅದನ್ನ ಎಲ್ಲಿ ಎಸೆದ್ರಿ?”

ಸಭೆಯಲ್ಲಿ ನಗೆಯ ಅಲೆ ಎದ್ದಿತು. ತಂಗಮ್ಮ ಪೊರೆಗಣ್ಣುಗಳನ್ನು ಧ್ವನಿ ಬಂದ ಕಡೆಗೆ ತಿರುಗಿಸಿದಳು. ಇದು ತನಗೆ ಒಡ್ಡಿದ ಪರೀಕ್ಷೆಯೆಂದೂ, ಇದರಲ್ಲಿ ಈ ಹೆಂಗಸನ್ನು ಗೆಲ್ಲಿಸಬೇಕೆಂದೂ ಅವಳು ತಿಳಿದುಕೊಂಡಂತಿತ್ತು.

“ಯಾವ ಹಲ್ಲೋ, ಏನೋ. ಅದೆಲ್ಲ ನೆನಪಿಲ್ಲಮ್ಮ,” ಎಂದಳು ತಂಗಮ್ಮ. “ನಂಗೆ ನೂರು.”

ಚಪ್ಪಾಳೆ ಬಿತ್ತು. ಪರದೆಯ ಚೌಕಗಳಲ್ಲಿಯೂ ಸದ್ದಿಲ್ಲದ ಕೈಗಳು ತಟ್ಟಿಕೊಂಡವು.

ನಾಗಶ್ರೀ ಅಲ್ಲಾಡಲಿಲ್ಲ. ಕೇಳಿದ್ದಾಯಿತು. ಉತ್ತರವೂ ಬಂದಾಯಿತು. ಇನ್ನು ಅವಳನ್ನು ಯಾರೂ ದೂರುವಂತಿರಲಿಲ್ಲ. ಸ್ಕಾಟ್ಲೆಂಡಿನ ಪ್ರಾಧ್ಯಾಪಕಿ ಘೋಷಣೆಯ ಕಾಗದವನ್ನು ಕೈಗೆತ್ತಿಕೊಳ್ಳುತ್ತಿದ್ದುದು ಕಾಣುತ್ತಿತ್ತು. ಒಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು.

ಅವಳ ಕಣ್ಣು ಮೂರನೆಯ ಸಾಲಿಗೆ ಹೋಯಿತು. ಅರ್ಚನಾ ಮೊಬೈಲನ್ನು ಎತ್ತಲಿಲ್ಲ, ಏಳಲಿಲ್ಲ. ಅವಳು ಅಜ್ಜಿಯನ್ನು ನೋಡುತ್ತಿದ್ದಳು. ಎಪ್ಪತ್ತು ವರ್ಷಗಳ ಹಿಂದೆ ಯಾರ ಮದುವೆಗೆ ಯಾವ ಬಣ್ಣದ ಸೀರೆ ಬಂದಿತ್ತೆಂದು ಹೇಳಬಲ್ಲ ಅಜ್ಜಿ, ದಿನವೂ ತನ್ನದೇ ಟೇಪು ಕೇಳುವ ಅಜ್ಜಿ, ಆರು ದೇಶಗಳ ಎದುರು ತನಗೆ ನೆನಪಿಲ್ಲವೆಂದಿದ್ದಳು. ಅವಳ ಬಳಿ ಇದ್ದ ಒಂದೇ ಹೆಮ್ಮೆ ಆ ನೆನಪು. ಅದನ್ನೂ ಟೇಪಿನಮ್ಮನಿಗೆ ಕೊಟ್ಟುಬಿಟ್ಟಿದ್ದಳು.

ನಾಗಶ್ರೀ ವೇದಿಕೆಯಿಂದ ಇಳಿದು ಮೂರನೆಯ ಸಾಲಿನವರೆಗೆ ನಡೆದಳು. “ಆ ಟೇಪು ನಿಮ್ಮ ಹತ್ರ ಇದೆಯಲ್ಲ ಅರ್ಚನಾ. ಇಪ್ಪತ್ತಾರನೇ ನಿಮಿಷ. ಕೊಡಿ.”

ಮೊಬೈಲನ್ನು ಮೈಕಿಗೆ ಹಿಡಿದಳು. ಕಣದ ಹಲಗೆಯ ಸದ್ದು ಸಭಾಂಗಣವನ್ನು ತುಂಬಿತು. ಬುಟ್ಟಿ, ಇಪ್ಪತ್ತು, ಹಾಲುಹಲ್ಲು, ಸಗಣಿ ಉಂಡೆ. ಆಮೇಲೆ ಆ ಚುರುಕಾದ ಧ್ವನಿ. ಟಕ್. ಅವಳು ನಿಲ್ಲಿಸಿದಳು.

ಸಭಾಂಗಣದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಪರದೆಯ ಮುಖಗಳು ಮಂದಹಾಸದಿಂದ ಕಾಯುತ್ತಿದ್ದವು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಭಾಷಾಂತರಿಸಿ ಹೇಳಬೇಕಾದವಳು ನಾಗಶ್ರೀಯೇ. ಇಷ್ಟು ವರ್ಷವೂ ಈ ಬೆಟ್ಟಗಳ ಹೆಂಗಸರ ಮಾತನ್ನು ಹೊರದೇಶಕ್ಕೆ ಭಾಷಾಂತರಿಸಿದವಳು ಅವಳೊಬ್ಬಳೇ. ಯಾವ ಮಾತು ದಾಟಬೇಕು, ಯಾವುದು ಇಲ್ಲಿಯೇ ಉಳಿಯಬೇಕು ಎಂದು ತೀರ್ಮಾನಿಸಿದವಳೂ ಅವಳೇ.

ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ವಾಕ್ಯವಾಗಿ ಹೇಳಿದಳು. ಬುಟ್ಟಿಯ ಲೆಕ್ಕ ಹೇಳಿದಳು. ಹಲ್ಲಿನ ಕತೆ ಹೇಳಿದಳು. ಎರಡನೆಯ ಧ್ವನಿ ತನ್ನದೆಂದು ಹೇಳಿ, ಅದು ಆಡಿದ ಮಾತನ್ನೂ ಭಾಷಾಂತರಿಸಿದಳು. ತನಗೆ ಅಂದೇ ಗೊತ್ತಿತ್ತೆಂದು, ‘ತೋಟದ ದಶಕ’ ಎಂಬುದು ಇಲ್ಲವೇ ಇಲ್ಲವೆಂದು, ಬುಧವಾರ ಈ ಟೇಪನ್ನು ತಾನೇ ತೆಗೆಸಿದ್ದೆಂದು ಹೇಳಿದಳು. ಮುಂದಿನ ಸಾಲಿನಲ್ಲಿ ಶಶಿಧರ್ ತಲೆ ತಗ್ಗಿಸಿಕೊಂಡ. ಹೇಳಿ ಮುಗಿದ ಮೇಲೆ ಹಗುರವಾಗಬಹುದೆಂದು ಅವಳು ಕೊಂಚ ಆಸೆಪಟ್ಟಿದ್ದಳು. ಹಾಗೇನೂ ಆಗಲಿಲ್ಲ. ಬೆವರಿನಿಂದ ಬೆನ್ನಿಗೆ ಅಂಟಿದ ರವಿಕೆಯ ಅರಿವಾಯಿತು, ಅಷ್ಟೇ.

ಸ್ಕಾಟ್ಲೆಂಡಿನ ಪ್ರಾಧ್ಯಾಪಕಿ ಕಾಗದವನ್ನು ಕೆಳಗಿಟ್ಟರು. ಈ ವಿಷಯವನ್ನು ಬೇರೆ ದಿನ ಮಾತನಾಡುವುದು ಒಳ್ಳೆಯದು ಎಂದರು. ಚೌಕಗಳು ಒಂದೊಂದಾಗಿ ಕಪ್ಪಾದವು. ಸಭಿಕರು ಅವಳ ಕಡೆ ನೋಡದೆ, ಕುರ್ಚಿಗಳ ಸದ್ದು ಮಾಡದಂತೆ ಎದ್ದು ಹೋದರು. ಆ ಸೌಜನ್ಯವನ್ನು ತಾಳಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು.

ಗಂಟೆ ನಾಲ್ಕೂವರೆ. ನಾಗಶ್ರೀ ಕೇಂದ್ರದ ಹೆಸರಿದ್ದ ಹಾಳೆ ತೆಗೆದು, ಬೀಜಗಳನ್ನು ಪಕ್ಕಕ್ಕೆ ಸರಿಸಿ, ಅದೇ ಮೇಜಿನ ಮೇಲೆ ಬರೆಯತೊಡಗಿದಳು. ಅರ್ಚನಾ ಪಕ್ಕದಲ್ಲಿ ನಿಂತಿದ್ದಳು. ಆರು ಗಂಟೆಯೊಳಗೆ ಶಿಬಿರದ ಕಚೇರಿಗೆ ಮುಟ್ಟಿಸಲು ಶಶಿಧರ್ ಬೈಕ್ ತರಲು ಹೋಗಿದ್ದ. ಅರ್ಚನಾ ಧನ್ಯವಾದ ಹೇಳಲಿಲ್ಲ. ಹೇಳದಿದ್ದುದೇ ಸರಿಯೆಂದು ನಾಗಶ್ರೀಗೆ ಅನ್ನಿಸಿತು.

“ನಂಗೂ ಓದಿ ಹೇಳಿ,” ಎಂದಳು ತಂಗಮ್ಮ. ಅವಳ ಧ್ವನಿಯಲ್ಲಿ ಸ್ವಲ್ಪ ಮುನಿಸಿತ್ತು. “ನಾನು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆ. ಎಲ್ಲ ಹಾಳು ಮಾಡಿದ್ರಿ. ಹತ್ತು ವರ್ಷ ಬೇರೆ ಕಿತ್ಕೊಂಡ್ರಿ.”

ನಾಗಶ್ರೀ ಓದಿದಳು. ಬಾಳೆಹಕ್ಲು ಎಸ್ಟೇಟಿನ ತಂಗಮ್ಮನವರ ನಿಜವಾದ ವಯಸ್ಸು ತೊಂಬತ್ತು. ಕೆಲಸಕ್ಕೆ ಸೇರಿದಾಗ ಅವರಿಗೆ ಹತ್ತು. ಅದೇ ವರ್ಷ ಅವರ ಹಾಲುಹಲ್ಲು ಬಿದ್ದದ್ದು ಇದಕ್ಕೆ ಆಧಾರ. ಮುಂದಿನ ಸಾಲಿಗೆ ಬಂದಾಗ ಓದು ನಿಂತಿತು. ಎರಡು ಸಲ ಗಂಟಲು ಸರಿಮಾಡಿಕೊಂಡಳು. ಕಾಣದ ಕಣ್ಣುಗಳ ಮುದುಕಿಗೆ ಅದು ಕೇಳಿಸಿತು. ಅವಳ ಕೈ ಮೇಜಿನ ಬೀಜಗಳ ನಡುವೆ ತಡಕಾಡಿ, ಹಾಳೆ ಹಿಡಿದಿದ್ದ ಕೈಯನ್ನು ಹುಡುಕಿ ಮುಟ್ಟಿತು.

“ಅದು ಬೇಡ ಬಿಡಿ ಅಮ್ಮ.”

“ಇಲ್ಲ ಅಜ್ಜಿ, ಕೇಳಿ,” ಎಂದಳು ನಾಗಶ್ರೀ. ಮತ್ತು ಓದಿದಳು: “ಈ ವಿಷಯ ಇಪ್ಪತ್ತು ವರ್ಷಗಳಿಂದ ನನಗೆ ತಿಳಿದಿತ್ತು. ನಾನು ಮುಚ್ಚಿಟ್ಟೆ.”

ಹೊರಗೆ ಶಶಿಧರ್ ಬೈಕ್ ಚಾಲೂ ಮಾಡಿದ ಸದ್ದು ಕೇಳಿಸಿತು. ಅವಳು ಸಹಿ ಹಾಕಿ, ಹಾಳೆಯನ್ನು ಮಡಿಸಿ, ತಲೆಯೆತ್ತದೆ ಅರ್ಚನಾಳ ಕೈಗೆ ಕೊಟ್ಟಳು.